ನಾನು ಉಪ್ಪು ಬಿಟ್ಟ ದಿನಗಳು

ಚುಚ್ಚುವುದನ್ನೇ ಕಸುಬು ಮಾಡಿಕೊಂಡವನು ಚುಚ್ಚಿಸಿಕೊಳ್ಳಲು ಹೆದರುತ್ತಾನೆಂದರೆ ಯಾರೂ ನಂಬುವುದಿಲ್ಲ. ಎಪ್ಪತ್ತರ ದಶಕದಲ್ಲಿ ನಾನು ಹಿರಿಯೂರು ಕಡೆ ಪಶು ಆಸ್ಪತ್ರೆಯ ಕಾಂಪೌಂಡರ್. ಸುತ್ತಲಿನ ಹಟ್ಟಿಗಳ ಕುರಿಗಳು ನನ್ನ ಸೈಕಲ್ ಬೆಲ್ ಕೇಳಿದರೆ ಬೇಲಿ ಹಾರುತ್ತಿದ್ದವು. ಸೂಜಿಯ ಮೊನೆ ನನ್ನ ಕಡೆ ತಿರುಗಿದರೆ ಬೇಲಿ ಹಾರುವವನು ನಾನೇ.

ಅಂಥ ನನ್ನ ಮೂತ್ರವನ್ನು ಚಿತ್ರದುರ್ಗದ ಡಾಕ್ಟರೊಬ್ಬರು ನೀಲಿ ದ್ರಾವಣದಲ್ಲಿ ಕಾಯಿಸಿದರು. ಅದು ಇಟ್ಟಿಗೆ ಬಣ್ಣಕ್ಕೆ ತಿರುಗಿತು, ಅಂದರೆ ಸಕ್ಕರೆ ಕಾಯಿಲೆ. ಮುದ್ದೆ, ಅನ್ನ, ಸಕ್ಕರೆ ಪೂರಾ ಬಿಡಬೇಕು. ಮೊಟ್ಟೆ, ಮಾಂಸ, ತುಪ್ಪ, ಸೊಪ್ಪು ತಿನ್ನಬೇಕು. ತಿಂಗಳೊಳಗೆ ನೀಲಿ ನೀಲಿಯಾಗಿಯೇ ಉಳಿಯದಿದ್ದರೆ ಬದುಕಿರುವವರೆಗೂ ದಿನಾ ಒಂದು ಇಂಜೆಕ್ಷನ್ ಎಂದರು. ಕೊನೆಯ ಮಾತು ಮಾತ್ರ ನನಗೆ ಚೆನ್ನಾಗಿ ಕೇಳಿಸಿತು.

ಊರಿಗೆ ಬಂದರೆ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು, ಸಕಲ ರೋಗಕ್ಕೂ ಉಪ್ಪೇ ಮೂಲ, ಅದನ್ನೂ ಬಿಟ್ಟು ಬಿಂದಿಗೆಗಟ್ಟಲೆ ನೀರು ಕುಡಿ ಎಂದರು. ಮೂರು ಬಿಟ್ಟವನಿಗೆ ನಾಲ್ಕನೆಯದೇನು ಮಹಾ! ಸಪ್ಪೆ ಮಾಂಸದ ಸಾರನ್ನು ಕಣ್ಣು ಮುಚ್ಚಿ ನುಂಗಿದೆ. ವಾರ ಕಳೆಯುವಷ್ಟರಲ್ಲಿ ತಲೆ ಗಿರ್ರೆನ್ನತೊಡಗಿತು, ಮೀನಖಂಡ ಹಿಡಿದುಕೊಂಡಿತು. ಸಕ್ಕರೆ ಏರಿತೋ, ಇಳಿಯಿತೋ? ಪಥ್ಯ ಹೆಚ್ಚಾಯಿತೋ, ಸಾಲದಾಯಿತೋ? ಹೆಂಡತಿ ಶಾರದೆ ಒಂದು ತುತ್ತು ಮುದ್ದೆಯಾದರೂ ತಿನ್ನಿ ಎಂದು ಕಣ್ಣೀರು ಹಾಕಿದಳು. ತಿಂದರೆ ಸೂಜಿ, ತಿನ್ನದಿದ್ದರೆ ನೆಲಕ್ಕುರುಳುವುದು. ಡಾಕ್ಟರನ್ನೇ ಕೇಳೋಣವೆಂದರೆ ಅವರು ಆಗಲೇ ಚುಚ್ಚಿಬಿಟ್ಟರೆ? ನನಗೆ ಒಂದೂ ಬಗೆಹರಿಯಲಿಲ್ಲ.

ಆ ಗೊಂದಲದಲ್ಲೇ ಯಲ್ಲದಕೆರೆಗೆ ಕುರಿಗಳಿಗೆ ಲಸಿಕೆ ಹಾಕಲು ಹೋದೆ. ಅಲ್ಲಿಯ ಹಿರಿಯ ಕುರಿಗಾರ ಈರಣ್ಣ ಕುರಿ ಹಿಡಿಯುವುದು, ನಾನು ಚುಚ್ಚುವುದು. ಎಂಟನೆಯದಕ್ಕೆ ಚುಚ್ಚಿ ಏಳುವಾಗ ಕಾಲು ಸೆಟೆದು, ಮಂದೆಯ ನಡುವೆಯೇ ಕುಸಿದೆ. ಇನ್ನು ಮುಗಿಯಿತು ಎಂದುಕೊಂಡೆ, ನಿಜಕ್ಕೂ ಹೆದರಿದೆ. ಈರಣ್ಣ ನನ್ನ ರೆಪ್ಪೆ ಎಳೆದು, ಕಾಲು ಒತ್ತಿ, ನಾನು ಕುರಿಯನ್ನು ಪರೀಕ್ಷಿಸುವ ಹಾಗೆಯೇ ಪರೀಕ್ಷಿಸಿ, ಏನೇನು ತಿನ್ನುತ್ತೀರಿ ಎಂದು ವಿಚಾರಿಸಿದ. ಹೇಳಿದೆ.

"ಉಪ್ಪು ಬಿಟ್ಟೀರಾ? ಕುರಿಗೆ ಉಪ್ಪು ಹಾಕ್ರಿ, ಇಲ್ದಿದ್ರೆ ಕಾಲು ಸೋತು ಬೀಳ್ತಾವೆ ಅಂತ ವರ್ಷಾ ವರ್ಷಾ ಬೈಯೋರು ನೀವೇ ಅಲ್ಲೇನ್ರಿ?"

ಹೌದು, ನಾನೇ. ಹಾಗೆ ಹೇಳಿ ಹೇಳಿ ನನ್ನ ಬಾಯಿ ಸವೆದಿತ್ತು. ಅವನು ಕುರಿಗಳಿಗೆಂದು ಇಟ್ಟಿದ್ದ ಕಲ್ಲುಪ್ಪನ್ನೇ ಕುಟ್ಟಿ ಮಜ್ಜಿಗೆಗೆ ಹಾಕಿ ಕುಡಿಸಿದ. ಅರ್ಧ ಗಂಟೆಯಲ್ಲಿ ಕಾಲು ಸಡಿಲವಾಯಿತು. ಅಂದಿನಿಂದ ಶಾರದೆ ಸಾರಿಗೆ ಉಪ್ಪು ಹಾಕಿದಳು, ನಾನು ಎರಡೆರಡು ಸಲ ಹಾಕಿಸಿಕೊಂಡು ಉಂಡೆ.

ತಿಂಗಳ ಕೊನೆಗೆ ನೀಲಿ ನೀಲಿಯಾಗಿಯೇ ಉಳಿಯಿತು, ಸೂಜಿ ತಪ್ಪಿತು. ಉಪ್ಪಿನ ಕಥೆ ಕೇಳಿ ಡಾಕ್ಟರು ಗದರಿದರು: ಅನ್ನ ಮುದ್ದೆ ಬಿಟ್ಟಾಗ ಮೈಯ ಉಪ್ಪು ಮೂತ್ರದಲ್ಲಿ ಹೋಗುತ್ತದೆ, ಸ್ವಲ್ಪ ಹೆಚ್ಚೇ ಬೇಕಾಗುತ್ತದೆ, ನೀನು ಉಳಿದದ್ದನ್ನೂ ನೀರು ಕುಡಿದು ತೊಳೆದುಕೊಂಡೆ. ಉಪ್ಪನ್ನು ಮತ್ತೆ ತಿನ್ನಲು ಹೇಳಿದ್ದು ಯಾರು ಎಂದರು. ಯಲ್ಲದಕೆರೆಯ ಒಬ್ಬರು, ಬಹಳ ಅನುಭವಸ್ಥರು ಎಂದೆ.

ಮುಂದಿನ ಸಲ ಯಲ್ಲದಕೆರೆಯಲ್ಲಿ ಕುರಿಗಾರರನ್ನೆಲ್ಲ ಕೂರಿಸಿ ಉಪ್ಪಿನ ಮಹತ್ವ ಹೇಳಲು ಶುರು ಮಾಡಿದೆ. ಈರಣ್ಣ ಎದ್ದು ನಿಂತ.

"ಸಾಹೇಬ್ರ ಮಾತು ಖರೇ ಐತೆ, ಕೇಳ್ರಪ್ಪ. ಉಪ್ಪು ಬಿಟ್ಟಿದ್ದು ಹೆಂಗೆ ಬೀಳ್ತೈತೆ ಅಂತ ನಾನೇ ಕಣ್ಣಾರೆ ನೋಡೀನಿ."

ಎಲ್ಲರೂ ತಲೆಯಾಡಿಸಿದರು. ಯಾರ ಮಂದೆಯದು ಎಂದು ಯಾರಾದರೂ ಕೇಳುವ ಮುಂಚೆ ನಾನು ಸಿರಿಂಜ್ ಹೊರತೆಗೆದೆ.