ಕರಿ ಟೇಪಿನ ಕಾಳಜಿ

ಎಲ್ಲ ರಾದ್ಧಾಂತಕ್ಕೂ ಮೂಲ ಒಂದು ಗೇಣು ಕರಿ ಟೇಪು.

ಧರ್ಮರಾಜ ಮರಾಠಿ ಊರೊಂದರ ಸದಾಶಿವ ಪೇಠದ ಹಳೆಯ ವಾಡೆಯೊಂದರಲ್ಲಿ ಎರಡು ಖೋಲಿ ಹಿಡಿದು ಸಂಸಾರ ಮಾಡುತ್ತಿದ್ದ ಗುಮಾಸ್ತ. ಆಫೀಸಿನಲ್ಲಿ ಅವನ ಮಾತನ್ನು ಪ್ಯೂನ್ ಕೂಡ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಹಾಗಾಗಿ ಮನೆಯಲ್ಲಿ ಅವನೇ ಎಲ್ಲ ಬಲ್ಲವನು.

ಆ ರವಿವಾರ ಅವನ ಮಗಳು, ಒಂಬತ್ತನೆಯ ಇಯತ್ತೆಯ ಭಾಗ್ಯಾ, ಕನ್ನಡ ಸಂಘದ ವಿಜ್ಞಾನ ಪ್ರದರ್ಶನಕ್ಕೆ ಹೊರಟಿದ್ದಳು. ಅವಳು ಮಾಡಿದ್ದು ಒಂದು ನೀರಿನ ಟಾಕಿ. ಪುಟ್ಟ ಪಂಪು ಬಕೆಟ್ಟಿನಿಂದ ನೀರೇರಿಸುತ್ತದೆ. ಟಾಕಿ ತುಂಬಿ ನೀರು ಎರಡು ತಂತಿಯ ತುದಿಗಳಿಗೆ ತಾಗಿದೊಡನೆ ಪಂಪು ತಾನೇ ನಿಲ್ಲುತ್ತದೆ. ಇದನ್ನು ಅಪ್ಪನಿಗೆ ಎಷ್ಟೋ ಸಲ ವಿವರಿಸಿದ್ದಳು. ಪ್ರತಿ ಸಲವೂ ಅಪ್ಪ ಪೇಪರ್ ಓದುತ್ತ ಹೂಂಗುಟ್ಟಿದ್ದ. ಮೊದಲ ಬಹುಮಾನ ಬಂದವರಿಗೆ ಬೇಸಿಗೆಯಲ್ಲಿ ವಿಜ್ಞಾನ ಶಿಬಿರ. ಹುಡುಗಿಗೆ ಕೂತರೂ ನಿಂತರೂ ಶಿಬಿರದ್ದೇ ಧ್ಯಾನ.

ಅವಳು ಜಡೆ ಹಾಕಿಸಿಕೊಳ್ಳಲು ಒಳಗೆ ಹೋದಾಗ ಧರ್ಮರಾಜ ಟಾಕಿಯ ಮುಚ್ಚಳ ತೆಗೆದು ಇಣುಕಿದ. ತಂತಿಯ ತುದಿಗಳೆರಡೂ ಬೆತ್ತಲೆ!

ಹಲ್ಲುಜ್ಜುತ್ತ ಬಂದ ನೆರೆಮನೆಯ ಮಧುಕರ್ ಬಾಯಿಯಲ್ಲಿ ಬ್ರಷ್ಷು ಇಟ್ಟುಕೊಂಡೇ ತೀರ್ಪು ಕೊಟ್ಟರು. "ಏನ್ರೀ ಧರ್ಮಣ್ಣ, ಹಿಂಗ ಬಿಟ್ರ ಶಾಕ್ ಹೊಡೀತದ. ಹುಡುಗೇರಿಗೆ ಇದೆಲ್ಲಾ ಎಲ್ಲಿ ತಿಳೀತದ?"

"ಅದಕ್ಕ ನಾ ಇದ್ದೀನಲ್ರೀ!"

ಧರ್ಮರಾಜ ಕೊಯ್ದ ಬೆರಳಿಗೆ ಪಟ್ಟಿ ಕಟ್ಟುವಂತೆ ಎರಡೂ ತುದಿಗಳಿಗೆ ಟೇಪು ಸುತ್ತಿ, ಮುಚ್ಚಳ ಹಾಕಿದ. ಮಗಳಿಗೆ ಹೇಳಲಿಲ್ಲ. ತನ್ನ ತಪ್ಪು ತಿಳಿದರೆ ಪಾಪ ಹುಡುಗಿ ಮುಖ ಸಣ್ಣದು ಮಾಡಿಕೊಂಡಾಳು ಎಂಬ ಕಾಳಜಿ. ರಿಕ್ಷಾದಲ್ಲಿ ಟಾಕಿಯನ್ನು ತೊಡೆಯ ಮೇಲಿಟ್ಟುಕೊಂಡು, ಮಗಳ ಜೊತೆಗೆ ಮಧುಕರ್ ಅವರನ್ನೂ ಕೂರಿಸಿಕೊಂಡು ಹೊರಟ.

ಸಭಾಗೃಹದಲ್ಲಿ "ವಿಜ್ಞಾನದಲ್ಲಿ ಹೆಣ್ಣುಮಕ್ಕಳು ಮುಂದೆ ಬರಲಿ" ಎಂಬ ದೊಡ್ಡ ಬ್ಯಾನರು. ಅದರ ಕೆಳಗೆ ವೇದಿಕೆಯ ತುಂಬ ಗಂಡಸರು. ತೀರ್ಪುಗಾರರಾದ ನಿವೃತ್ತ ಪ್ರಾಧ್ಯಾಪಕ ಶಂಕ್ರೆಪ್ಪನವರು ಭಾಗ್ಯಾಳ ಮೇಜಿಗೆ ಬಂದರು.

"ಟಾಕಿ ತುಂಬಿದ ಕೂಡ್ಲೇ ಪಂಪು ತಾನೇ ನಿಲ್ತದ, ನೋಡ್ರಿ ಸರ್."

ಟಾಕಿ ತುಂಬಿತು. ಪಂಪು ನಿಲ್ಲಲಿಲ್ಲ. ನೀರು ಮೇಜಿನ ಮೇಲೆ ಹರಿದು, ಪಕ್ಕದವನ ಮಣ್ಣಿನ ಜ್ವಾಲಾಮುಖಿಯನ್ನು ಕರಗಿಸಿ, ಶಂಕ್ರೆಪ್ಪನವರ ಧೋತರದೊಳಗೆ ಇಳಿಯಿತು.

"ಅಹೋ, ಪಾಣಿ ಬಂದ ಕರಾ!" ಎಂದು ನೀರು ನಿಲ್ಲಿಸಲು ಯಾರೋ ಮರಾಠಿಯಲ್ಲಿ ಕೂಗಿಕೊಂಡರು. ಭಾಗ್ಯಾ ಪಂಪಿನ ತಂತಿ ಕಿತ್ತಳು.

ಶಂಕ್ರೆಪ್ಪನವರು ಧೋತರ ಹಿಂಡಿಕೊಂಡು ಟಾಕಿಯೊಳಗೆ ನೋಡಿ ಲೊಚಗುಟ್ಟಿದರು. "ನೀರು ಮುಟ್ಟೋ ಜಾಗಕ್ಕೇ ಟೇಪು ಸುತ್ತಿಬಿಟ್ಟಾಳ. ಪಾಪ, ಹೆಣ್ಮಕ್ಕಳಿಗೆ ಕರೆಂಟ್ ಅಂದ್ರ ಅಂಜಿಕಿ ನೋಡ್ರಿ."

ಭಾಗ್ಯಾ ಟೇಪನ್ನು ನೋಡಿದಳು. ಆಮೇಲೆ ಅಪ್ಪನನ್ನು ನೋಡಿದಳು. ನಾಲ್ಕು ಜನರೆದುರು ಕಪಾಳಕ್ಕೆ ಬಿಗಿದಿದ್ದರೂ ಧರ್ಮರಾಜನಿಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಶಿಬಿರ ಸ್ವಪ್ನಿಲ್ ಎಂಬ ಹುಡುಗನ ಪಾಲಾಯಿತು. ಅವನ ರಾಕೆಟ್ಟಿಗೆ ಅಂಗಡಿಯ ಬೆಲೆಚೀಟಿ ಇನ್ನೂ ಅಂಟಿಕೊಂಡಿತ್ತು. ಭಾಗ್ಯಾಳಿಗೆ "ಹೆಣ್ಣುಮಕ್ಕಳ ವಿಶೇಷ ಪ್ರೋತ್ಸಾಹ ಬಹುಮಾನ"ವೆಂದು ಒಂದು ಸ್ಟೀಲಿನ ಊಟದ ಡಬ್ಬಿ ಕೊಟ್ಟರು. "ಇಷ್ಟರ ಮಾಡ್ಯಾಳಲ್ಲ, ಸಾಕು ಬಿಡ್ರಿ" ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದರು.

ಧರ್ಮರಾಜನಿಗೆ ತಡೆಯಲಾಗಲಿಲ್ಲ. ವೇದಿಕೆ ಹತ್ತಿ ಮೈಕು ಹಿಡಿದ.

"ಟೇಪು ಸುತ್ತಿದವ ನಾನ್ರೀ! ಮಗಳು ಸರಿ ಮಾಡಿದ್ಲು, ಕೆಡಿಸಿದವ ನಾನು. ಟೇಪು ತಗದು ಇನ್ನೊಮ್ಮೆ ನೋಡ್ರಿ, ಕೈ ಮುಗೀತೀನಿ."

ಶಂಕ್ರೆಪ್ಪನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನೋಡ್ರಿ! ಮಗಳ ತಪ್ಪು ತನ್ನ ತಲಿಮ್ಯಾಲೆ ಹಾಕ್ಕೊಳ್ಳೋ ಇಂಥಾ ತಂದಿ ಎಲ್ಲಿ ಸಿಗ್ತಾನ?"

"ಅಲ್ರೀ, ಖರೇನೇ ನಾನೇ! ಮಧುಕರ್, ನೀವರ ಹೇಳ್ರಿ!"

ಮಧುಕರ್ ಎದ್ದು ನಿಂತರು. ಹೇಳಿದರೆ ತಮ್ಮ ಹಲ್ಲುಜ್ಜುವ ಹೊತ್ತಿನ ಸಲಹೆಯೂ ಹೊರಗೆ ಬೀಳುತ್ತದೆಂಬುದು ಅವರಿಗೆ ಗೊತ್ತಿತ್ತು. "ಧರ್ಮಣ್ಣಂದು ಭಾಳ ದೊಡ್ಡ ಮನಸ್ಸು!" ಎಂದು ಮೊದಲ ಚಪ್ಪಾಳೆ ಅವರೇ ತಟ್ಟಿದರು. ಸಭೆಯೆಲ್ಲ ಎದ್ದು ತಟ್ಟಿತು.

ಗಣ್ಯರಿಗೆಂದು ತಂದ ಶಾಲುಗಳಲ್ಲೊಂದು ಧರ್ಮರಾಜನ ಹೆಗಲೇರಿತು. ಹೆಣ್ಣುಮಕ್ಕಳನ್ನು ವಿಜ್ಞಾನಕ್ಕೆ ಹಚ್ಚುವ ಆದರ್ಶ ತಂದೆ ಎಂದು ಮೈಕಿನಲ್ಲಿ ಕೂಗಿದರು. ಶಂಕ್ರೆಪ್ಪನವರು ಭಾಗ್ಯಾಳ ಬೆನ್ನು ತಟ್ಟಿದರು.

"ನಿಮ್ಮಪ್ಪಗ ನಮಸ್ಕಾರ ಮಾಡವ್ವಾ."

ಭಾಗ್ಯಾ ಊಟದ ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡು ಬಗ್ಗಿ ಅಪ್ಪನ ಕಾಲು ಮುಟ್ಟಿದಳು. ಧರ್ಮರಾಜನಿಗೆ ನೆಲ ಬಾಯ್ಬಿಡಬಾರದೇ ಎನ್ನಿಸಿತು. ಏಳುವಾಗ ಅವಳು ಮೆಲ್ಲಗೆ, ಅವನೊಬ್ಬನಿಗೇ ಕೇಳುವಂತೆ ಅಂದಳು:

"ಮುಂದಿನ ವರ್ಷ ಪಂಪು ಸರಿಯಾಗಿ ನಿಲ್ತದಪ್ಪಾ. ಆವಾಗ ವೇದಿಕಿ ಹತ್ತಿ ಬಂದು, ಇದನ್ನ ನಾನೇ ಮಾಡೀನಿ ಅನ್ನು. ಝಟ್ಟನ ನಂಬ್ತಾರ."