ಹೋಟೆಲಕ್ಕನ ಹಾರ್ಮೋನು ಗುಳಿಗೆ

ಹೆಂಗಸರು ಪಿಸುದನಿಯಲ್ಲೇ ಮಾತಾಡುವ ಜಾಗದಲ್ಲಿ ಕೆಲಸ ಮಾಡಿದರೆ ನಗು ತಡೆದುಕೊಳ್ಳುವುದೂ ನೌಕರಿಯ ಒಂದು ಭಾಗ. ಐವತ್ತರ ದಶಕದಲ್ಲಿ ನಾನು ಮುಂಬಯಿಯ ದಾದರ್ ಸ್ಟೇಷನ್ ಹತ್ತಿರ ಒಬ್ಬ ಮರಾಠಿ ಲೇಡಿ ಡಾಕ್ಟರ ದವಾಖಾನೆಯಲ್ಲಿ ನರ್ಸ್ ಆಗಿದ್ದೆ. ಅವರಿಗೆ ಕನ್ನಡ ಬಾರದು, ಕನ್ನಡದವರು ಬಂದರೆ ದುಭಾಷಿಯೂ ನಾನೇ. ಆ ದಿನಗಳನ್ನು ನೆನೆದರೆ ಮೊದಲು ಕಣ್ಣಮುಂದೆ ಬರುವವರು ಉಡುಪಿ ಕಡೆಯ ಹೋಟೆಲ್ ಯಜಮಾನರೊಬ್ಬರ ಹೆಂಡತಿ. ಐವತ್ತರ ಹತ್ತಿರದ ವಯಸ್ಸು. ನಾನು ಅಕ್ಕ ಎನ್ನುತ್ತಿದ್ದೆ.

ನಿಂತದ್ದು ಯಾವುದು

ಮೊದಲ ದಿನ ಅಕ್ಕ ಸೆರಗಿನ ತುದಿ ತಿರುವುತ್ತಾ ಕೂತೇ ಇದ್ದರು. ಕೊನೆಗೆ, “ಅದು ನಿಂತು ನಾಲ್ಕು ತಿಂಗಳಾಯ್ತು ತಂಗಿ” ಎಂದರು. ಹೊರಗೆ ಬೆಂಚಿನ ಮೇಲಿದ್ದ ಯಜಮಾನರ ಕಿವಿಗೆ ಅಷ್ಟೇ ಬಿತ್ತು. ನಾನು ಹೊರಬಂದಾಗ ಅವರು ತಲೆಯ ಮೇಲೆ ಕೈಹೊತ್ತು ಕೂತಿದ್ದರು. “ಮೊನ್ನೆ ಮೊಮ್ಮಗನ ನಾಮಕರಣ ಆಯ್ತು. ಇನ್ನು ಯಾವ ಮುಖ ಹೊತ್ತು ಗಲ್ಲಾದಲ್ಲಿ ಕೂರುವುದು?” ಎಂದರು.

ಬಸಿರಲ್ಲ, ಮುಟ್ಟು ನಿಲ್ಲುವ ಕಾಲ ಎಂದು ಬಿಡಿಸಿ ಹೇಳಿದೆ. ಅವರು ಉಸಿರು ಬಿಟ್ಟು, “ಹಾಗಾದ್ರೆ ನನ್ನದೇನೂ ತಪ್ಪಿಲ್ಲವಲ್ಲ?” ಎಂದರು.

ಡಿಸೆಂಬರಿನ ಫ್ಯಾನು

ಅಕ್ಕನ ಕಷ್ಟ ಮಾತ್ರ ನಗುವಂಥದ್ದಲ್ಲ. ಇದ್ದಕ್ಕಿದ್ದಂತೆ ಮೈಯೆಲ್ಲ ಬಿಸಿ, ಬೆವರು. ನಿದ್ದೆಯಿಲ್ಲ. ಮೊಮ್ಮಗನನ್ನು ಎತ್ತಿಕೊಂಡರೂ ಅಳು. “ನನಗೆ ಹುಚ್ಚು ಹಿಡೀತಾ ಉಂಟಾ ತಂಗಿ?” ಎಂದು ನನ್ನ ಕೈ ಹಿಡಿದರು. ಯಜಮಾನರು ಅವರನ್ನು ಹಡಗು ಹತ್ತಿಸಿ ಊರಿಗೆ ಕಳಿಸಲು ಟಿಕೆಟ್ಟನ್ನೂ ತೆಗೆಸಿದ್ದರು.

ಡಾಕ್ಟರು ಇಬ್ಬರನ್ನೂ ಕೂರಿಸಿ, “ಇದು ಹುಚ್ಚಲ್ಲ. ಮೈಯೊಳಗಿನ ಹಾರ್ಮೋನು ಕಡಿಮೆಯಾದಾಗ ಹೀಗಾಗುತ್ತದೆ. ಕೆಲವು ತಿಂಗಳು ಅದರದೇ ಗುಳಿಗೆ ಕೊಡುತ್ತೇನೆ. ಇವರನ್ನು ಎಲ್ಲೂ ಕಳಿಸಬೇಡಿ, ಜೊತೆಯಲ್ಲಿರಿ” ಎಂದರು.

ಯಜಮಾನರು ಮಫ್ಲರ್ ಸುತ್ತಿಕೊಂಡೇ ಸೀನಿದರು. “ಇರ್ತೇನೆ ಡಾಕ್ಟ್ರೇ. ಆದರೆ ಇವಳು ಡಿಸೆಂಬರಿನಲ್ಲೂ ಫ್ಯಾನು ನಿಲ್ಲಿಸಲು ಬಿಡುವುದಿಲ್ಲ. ಬಿಸಿ ಅವಳಿಗೆ, ನೆಗಡಿ ನನಗೆ.”

ಕಡಿಮೆಯಾದ ಪೆಟ್ಟಿಗೆ

ಬಿಲ್ಡಿಂಗಿನ ಹೆಂಗಸರು ಕಾಯಿಲೆ ಏನೆಂದು ಕೇಳಿದಾಗ ಅಕ್ಕ, “ನನಗೆ ಹಾರ್ಮೋನಿಯಂ ಕಮ್ಮಿಯಂತೆ” ಎಂದುಬಿಟ್ಟರು. ಪಕ್ಕದ ಮನೆಯಾಕೆ ಅಂದೇ ಸಂಜೆ ಕೈಹಿಡಿದು ಭಜನೆಗೆ ಎಳೆದೊಯ್ದು, ಹಾರ್ಮೋನಿಯಂ ಪೆಟ್ಟಿಗೆಯ ಪಕ್ಕದಲ್ಲೇ ಕೂರಿಸಿದರು. ಅಕ್ಕ ಬಹಳ ದಿನಗಳ ನಂತರ ಬಾಯಿಬಿಟ್ಟು ಹಾಡಿದರು. ತಿಂಗಳೊಪ್ಪತ್ತಿನಲ್ಲಿ ನಿದ್ದೆ ಬಂತು, ನಗು ಬಂತು. ಯಜಮಾನರು ತಾವೇ ಹೋಗಿ ಹಡಗಿನ ಟಿಕೆಟ್ ವಾಪಸು ಕೊಟ್ಟರು.

ವಿಷಯ ತಿಳಿದ ಡಾಕ್ಟರು ಗಂಭೀರವಾಗಿ, “ಎರಡೂ ಮುಂದುವರಿಯಲಿ. ಗುಳಿಗೆ ಊಟವಾದ ಮೇಲೆ, ಪೆಟ್ಟಿಗೆ ಊಟಕ್ಕೆ ಮೊದಲು” ಎಂದರು.

ಭಟ್ಟರ ಬೇಡಿಕೆ

ಒಮ್ಮೆ ಗುಳಿಗೆ ಎರಡು ವಾರ ಮೊದಲೇ ಮುಗಿಯಿತು. ಅಕ್ಕ ದಿನಕ್ಕೊಂದೇ ನುಂಗಿದ್ದೆಂದು ಆಣೆಯಿಟ್ಟರು. ಡಾಕ್ಟರು ಯಜಮಾನರ ಕಡೆ ನೋಡಿದರು. ಅವರು ನೆಲ ನೋಡುತ್ತಾ, “ಇವಳು ಇಷ್ಟು ಶಾಂತ ಆದದ್ದು ಕಂಡು... ನನಗೂ ಸಿಟ್ಟು ಜಾಸ್ತಿ ಅಲ್ವಾ, ದಿನಕ್ಕೊಂದು ತಗೊಂಡೆ” ಎಂದರು.

“ಇದು ಹೆಂಗಸರ ಹಾರ್ಮೋನು. ಇನ್ನು ಮುಟ್ಟಿದರೆ ನಿಮಗೆ ರವಿಕೆ ಹೊಲಿಸಬೇಕಾದೀತು” ಎಂದು ಡಾಕ್ಟರು ಗದರಿದರು. ಅಕ್ಕ ಸೆರಗು ಬಾಯಿಗೆ ತುರುಕಿಕೊಂಡರು.

ಮೂರನೇ ದಿನ ಹೋಟೆಲಿನ ಅಡಿಗೆ ಭಟ್ಟರು ದವಾಖಾನೆಗೆ ಬಂದು ನನ್ನನ್ನು ಮೂಲೆಗೆ ಕರೆದರು. “ಸಿಸ್ಟರ್, ಯಜಮಾನರು ಹದಿನೈದು ದಿನ ಯಾರನ್ನೂ ಬೈದದ್ದಿಲ್ಲ. ಉಪ್ಪು ಹೆಚ್ಚಾದ್ರೂ ಪರವಾಗಿಲ್ಲ ಭಟ್ರೇ ಅಂತಿದ್ರು. ನಿನ್ನೆಯಿಂದ ಪುನಃ ಶುರುವಾಗಿದೆ. ಆ ಗುಳಿಗೆ ಸ್ವಲ್ಪ ನನ್ನ ಕೈಗೆ ಕೊಡಿ. ಅವರಿಗೆ ಹೇಳುವುದು ಬೇಡ, ಸಾಂಬಾರಿನಲ್ಲಿ ಕರಗಿಸ್ತೇನೆ.”