ಮುರಗೆಪ್ಪನ ಕಚ್ಚಾ ಬೆಸುಗೆ

ಕಾಗವಾಡದ ಮುರಗೆಪ್ಪನಿಗೆ ಕೆಟ್ಟ ವಸ್ತುಗಳ ಮೇಲೆ ಸಿಟ್ಟಿರಲಿಲ್ಲ. ಕೆಡದೆ ಇರುವ ವಸ್ತುಗಳ ಮೇಲೆ ಮಾತ್ರ ಅನುಮಾನವಿತ್ತು. ಗೋಡೆಯ ಗಡಿಯಾರ ಸರಿಯಾಗಿ ನಡೆಯುತ್ತಿದ್ದರೆ, ಅದು ಯಾಕೆ ಸರಿಯಾಗಿ ನಡೆಯುತ್ತಿದೆ ಎಂಬ ಪ್ರಶ್ನೆ ಅವನನ್ನು ಊಟದಲ್ಲೂ ಕಾಡುತ್ತಿತ್ತು. ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ, ಅಂದರೆ ಕಬ್ಬಿನ ಗಾಡಿ ತೂಗುವ ಜಾಗದಲ್ಲಿ, ಅವನು ಕ್ಲಾರ್ಕ್. ಅಲ್ಲಿ ಅವನ ಕೈಗೆ ಯಾರೂ ಸ್ಕ್ರೂಡ್ರೈವರ್ ಕೊಡುತ್ತಿರಲಿಲ್ಲ. ಹೀಗಾಗಿ ಆ ಹಸಿವೆಲ್ಲ ಮನೆಗೆ ಬರುತ್ತಿತ್ತು.

೧೯೮೮ರ ಬೇಸಿಗೆಯ ಹೊತ್ತಿಗೆ ಮನೆಯ ಹೊಲಿಗೆ ಯಂತ್ರ ಹಿಂದಕ್ಕೆ ಮಾತ್ರ ಹೊಲಿಯುತ್ತಿತ್ತು. ಟಾರ್ಚನ್ನು ಗೋಡೆಗೆ ಎರಡು ಸಲ ಬಡಿದರೆ ಮಾತ್ರ ಬೆಳಕು. (ಮೂರು ಸಲ ಬಡಿದರೆ ಮತ್ತೆ ಕತ್ತಲೆ.) ಇವನ್ನೆಲ್ಲ ಅವನ ಹೆಂಡತಿ ಅಕ್ಕುತಾಯಿ ನುಂಗಿಕೊಂಡಿದ್ದಳು. ಅವಳ ಗಂಟಲಲ್ಲಿ ಇಳಿಯದೆ ಉಳಿದದ್ದು ರೇಡಿಯೋ.

ಅದು ಸತ್ತಿ ಎಂಬ ಊರಿನ ಅವಳ ತವರಿನವರು ಮದುವೆಯಲ್ಲಿ ಕೊಟ್ಟ ರೇಡಿಯೋ. ಸೆಲ್ಲು ಹಾಕಿ ಕೇಳುವಂಥದ್ದು. ಮಧ್ಯಾಹ್ನ ಒಂದಕ್ಕೆ ಸಾಂಗಲಿ ಕೇಂದ್ರದಿಂದ ಮರಾಠಿಯಲ್ಲಿ ಹೆಂಗಸರ ಕಾರ್ಯಕ್ರಮ ಬರುತ್ತಿತ್ತು. ಒಂದು ದಿನ ಲಿಂಬೆಕಾಯಿಯ ಉಪ್ಪಿನಕಾಯಿ ಹೇಳಿಕೊಡುತ್ತಿದ್ದರು. ಕಾಯಿ ಹೆಚ್ಚಿ, ಉಪ್ಪು ಹಚ್ಚಿ, ಏಳು ದಿವಸ ಬಿಸಿಲಿಗೆ ಇಡಬೇಕು, ಎಂಟನೇ ದಿವಸ... ಅಷ್ಟರಲ್ಲಿ ರೇಡಿಯೋದ ಹೆಣ್ಣುದನಿ ಸ್ವಲ್ಪ ನಡುಗಿದಂತೆ ಮುರಗೆಪ್ಪನಿಗೆ ಅನಿಸಿತು. ‘ಒಂದ ಮಿಂಟ’ ಎಂದು ಹಿಂಬದಿಯ ಮುಚ್ಚಳ ಬಿಚ್ಚಿದ. ಮುಚ್ಚಳ ಮತ್ತೆ ಹಾಕಿದಾಗ ಮೂರು ಸ್ಕ್ರೂ ಉಳಿದವು. ರೇಡಿಯೋ ಮಾತು ನಿಲ್ಲಿಸಿತು. ಉಪ್ಪು ಹಚ್ಚಿದ ಲಿಂಬೆಕಾಯಿಯ ಭರಣಿ ಒಂಬತ್ತು ತಿಂಗಳಿಂದ ಗೋಡೆಯ ಗೂಡಿನಲ್ಲಿ ಎಂಟನೇ ದಿವಸದ ದಾರಿ ಕಾಯುತ್ತ ಕುಳಿತಿತ್ತು. ಬೇರೆ ಯಾರನ್ನಾದರೂ ಕೇಳಿ ಮುಗಿಸಬಹುದಿತ್ತು. ಅಕ್ಕುತಾಯಿ ಕೇಳಲಿಲ್ಲ. ಸಾಕ್ಷ್ಯವನ್ನು ಹಾಗೆ ಯಾರೂ ನಾಶಮಾಡುವುದಿಲ್ಲ.

ಇಂಥ ಮನೆಗೆ ಒಂದು ಸೋಮವಾರ ಅವಳ ತಮ್ಮ ಭಾವುಸಾಹೇಬ ಗಿಟಾರು ಹಿಡಿದು ಬಂದ. ಅವನು ಅಥಣಿಯ ಒಂದು ಆರ್ಕೆಸ್ಟ್ರಾದಲ್ಲಿ ಬಾರಿಸುತ್ತಿದ್ದ.

‘ದಾಜಿ,’ ಎಂದ. ಅಕ್ಕನ ಗಂಡನನ್ನು ಮರಾಠಿ ನಾಡಿನ ಗಡಿಯ ಈ ಕಡೆಗೂ ಹಾಗೇ ಕರೆಯುವುದು. ‘ನನ್ನ ಗಿಟಾರ ಯಾರಿಗೂ ಕೇಳಂಗಿಲ್ರಿ. ಢೋಲಕಿಯಾಂವ ಕೈ ಎತ್ತಿದಾ ಅಂದ್ರ ಮುಗೀತು ನನ್ನ ಕತಿ. ಮೊನ್ನೆ ಒಂದ ಹಾಡ ಪೂರಾ ತಪ್ಪ ಬಾರಿಸೇನಿ, ಒಬ್ಬರರ ಬೈಬೇಕಲಾ? ಇಲ್ಲ!’

‘ಛಲೋ ಆತಲ್ಲೋ ಭಾವು,’ ಎಂದಳು ಅಕ್ಕುತಾಯಿ. ‘ಇದ್ದಂಗ ಇರಲಿ ಬಿಡು.’

‘ಮಿರಜಿನ್ಯಾಗ ಗಿಟಾರದ ಹೊಟ್ಟ್ಯಾಗ ಪಿಕಪ್ ಅಂತ ಕೂಡಸ್ತಾರಂತ. ಅದು ಗಿಟಾರದ ನಡಗು ಹಿಡದು ತಂತೀಲೆ ಸ್ಪೀಕರಿಗೆ ಕಳಸ್ತೈತಿ.’

ಮುರಗೆಪ್ಪ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಎದ್ದು ಬಂದ. ಗಿಟಾರಿನ ದುಂಡನೆಯ ತೂತಿಗೆ ಕಣ್ಣಿಟ್ಟು ಒಳಗೆ ನೋಡಿದ. ಒಳಗೆ ಕತ್ತಲಿತ್ತು. ಅವನಿಗೆ ಜಗತ್ತಿನಲ್ಲಿ ಕತ್ತಲಷ್ಟು ಪ್ರಿಯವಾದದ್ದು ಬೇರೆ ಇರಲಿಲ್ಲ.

‘ಮಿರಜ್ಯಾಕ? ನಾ ಕೂಡಸ್ತೀನಿ.’

ಅಕ್ಕುತಾಯಿ ಪಡಸಾಲೆಯ ನಡುವೆ ಬಂದು ನಿಂತಳು. ‘ಇದು ನನ್ನ ತಮ್ಮನ ಗಿಟಾರ. ಮುಂದಿನ ರವಿವಾರ ಸಂಜಿಗೆ ಅವಂದು ಅಥಣ್ಯಾಗ ಕಾರ್ಯಕ್ರಮ ಐತಿ. ರವಿವಾರ ಮಧ್ಯಾಹ್ನ ಇದು ಬರೋಬ್ಬರಿ ಮಾತಾಡಬೇಕು. ಮಾತಾಡ್ಲಿಲ್ಲ, ನಿಮ್ಮ ಹತ್ಯಾರದ ಪೆಟಗಿ ಗುಜರಿಗೆ. ಅತ್ತಿ, ನೀವು ಸಾಕ್ಷಿ.’

ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಮುರಗೆಪ್ಪನ ತಾಯಿ ಚನ್ನವ್ವ, ‘ಸಾಕ್ಷಿ’ ಎಂದಳು. ಸ್ವಂತ ತಾಯಿಯಾಗಿ ಒಂದು ನಿಮಿಷ ಯೋಚಿಸಬಹುದಿತ್ತು. ಯೋಚಿಸಲಿಲ್ಲ. ಅವಳ ಭಜನೆ ಪದಗಳೂ ಆ ರೇಡಿಯೋದೊಂದಿಗೇ ನಿಂತಿದ್ದವು.

ಆ ಪೆಟ್ಟಿಗೆ ಮುರಗೆಪ್ಪನ ಪ್ರಾಣ. ಹದಿನಾಲ್ಕು ಸ್ಕ್ರೂಡ್ರೈವರು, ಎರಡು ಇಕ್ಕಳ, ಒಂದು ಬೆಸುಗೆಯ ಕಡ್ಡಿ, ಮತ್ತು ಎಲ್ಲಿಂದ ಬಂದವೆಂದು ಹೇಳಲಾಗದ ಇನ್ನೂರಕ್ಕೂ ಹೆಚ್ಚು ಸ್ಕ್ರೂಗಳು.

ಮರುದಿನವೇ ಅವನು ಬಸ್‌ಸ್ಟ್ಯಾಂಡಿನ ಹಿಂದೆ ಮೈಕ್‌ಸೆಟ್ಟಿನ ಅಂಗಡಿ ಇಟ್ಟಿದ್ದ ಹಾಜಿಮಲಂಗನ ಹತ್ತಿರ ಹೋದ. ಹಾಜಿಮಲಂಗ ಎಂಟಾಣೆ ನಾಣ್ಯದಷ್ಟಗಲದ, ಹಿತ್ತಾಳೆ ಬಣ್ಣದ, ಎರಡು ಎಳೆ ತಂತಿಯ ಪಿಕಪ್ ಬಿಲ್ಲೆಯೊಂದನ್ನು ಕಾಗದದಲ್ಲಿ ಸುತ್ತಿ ಕೊಟ್ಟ.

‘ಕಾಟಾಸಾಹೇಬ್ರ, ಇದನ್ನ ತಂತಿ ಬಿಗಿಯೂ ಕಟ್ಟಿಗಿ ಐತಲಾ, ಅದರ ಬುಡಕ ಒಳಗಿಂದ ಹಚ್ಚರಿ. ವಾಯರ ಮಾತ್ರ ಮ್ಯಾಲ ತಂತಿ ಜಾಳಿಗಿ ಹೆಣದದ್ದ ಹಾಕರಿ. ಸಾದಾ ವಾಯರ ಹಾಕಿದ್ರ ಸಿಕ್ಕಿದ್ದೆಲ್ಲಾ ಹಿಡೀತೈತಿ.’

ಸಿಕ್ಕಿದ್ದೆಲ್ಲ ಹಿಡಿಯುವುದಾದರೆ ಒಳ್ಳೆಯದೇ ಅಲ್ಲವೇ ಎಂದು ಮುರಗೆಪ್ಪ ದಾರಿಯುದ್ದಕ್ಕೂ ಯೋಚಿಸಿದ. ಮನೆಯ ಮಾಳಿಗೆಯ ಮೇಲೆ, ಸತ್ತ ರೇಡಿಯೋದ ಏರಿಯಲ್ ತಂತಿ ಇಪ್ಪತ್ತು ಮೊಳ ಸುಮ್ಮನೆ ಗಾಳಿಗೆ ತೂಗಾಡುತ್ತಿತ್ತು. ಅದನ್ನೇ ಬಿಚ್ಚಿ ಇಳಿಸಿದ.

ಗುರುವಾರ ಬಿಲ್ಲೆ ಕೂಡಿಸುವ ಮುಹೂರ್ತ. ಗಿಟಾರಿನ ತಂತಿ ಸಡಿಲಿಸಿ ಮುರಗೆಪ್ಪ ತೂತಿನಲ್ಲಿ ಕೈ ಹಾಕಿದ. ಬೆರಳು ಹೋದವು. ಅಂಗೈ ಹೋಗಲಿಲ್ಲ. ಎಣ್ಣೆ ಹಚ್ಚಿಕೊಂಡು ನೋಡಿದ. ಕೈ ಮಿಂಚಿತು, ಒಳಗೆ ಹೋಗಲಿಲ್ಲ. ಹೆಂಡತಿಯ ಕೈ ನೋಡಿದ. ಸಣ್ಣದಿತ್ತು.

‘ಅಕ್ಕು, ಸ್ವಲ್ಪ ಬಳಿ ತಗದು—’

‘ಏನಂದ್ರಿ? ಗಂಡ ಎದರಿಗೆ ಕುಂತಾನ, ನಾ ಬಳಿ ತಗೀಲಿ?’

ಒಂದು ತಾಸು ಚರ್ಚೆಯಾದ ಮೇಲೆ ಹಸಿರು ಬಳೆಗಳನ್ನೆಲ್ಲ ಮೊಣಕೈವರೆಗೆ ಏರಿಸಿ, ಮೇಲೆ ಅರಿವೆ ಕಟ್ಟಿ, ಬೆರಳ ತುದಿಗೆ ಅಂಟು ಮೆತ್ತಿದ ಬಿಲ್ಲೆ ಇಟ್ಟುಕೊಂಡು ಅಕ್ಕುತಾಯಿ ಗಿಟಾರಿನೊಳಗೆ ಕೈ ಇಳಿಸಿದಳು. ಮೊದಲು ಮುಖ ಗಂಟಿಕ್ಕಿಕೊಂಡಿದ್ದವಳು ಕೈ ಒಳಗೆ ಹೋದಂತೆ ಕಣ್ಣು ಮುಚ್ಚಿದಳು.

‘ಒಳಗ ಅಡ್ಡ ಪಟ್ಟಿ ಅದಾವು... ಮನಿ ಜಂತಿ ಇದ್ದಂಗ... ಇಲ್ಲೇ ಏನ್ರಿ?’

‘ಇನ್ನೊಂದೀಟ ಮುಂದ. ಏನ್ ಹತ್ತಾಕತ್ತೈತಿ ಕೈಗೆ, ಹೇಳು. ಜಂತಿ ಎಷ್ಟ ಅದಾವು?’

‘ಸುಮ್ನಿರ್ರಿ. ಹಾಂ. ಕುಂತ್ತು.’

ಕುಳಿತದ್ದು ಬಿಲ್ಲೆ ಮಾತ್ರವಲ್ಲ, ಕೈಯೂ. ಅರಿವೆಯ ಗಂಟು ತೂತಿಗೆ ಸಿಕ್ಕಿತ್ತು. ಮುರಗೆಪ್ಪ ಗಿಟಾರನ್ನು ಎಳೆದ, ಅಕ್ಕುತಾಯಿ ತನ್ನನ್ನು ಎಳೆದುಕೊಂಡಳು. ಇದೇ ಹೊತ್ತಿಗೆ ಚನ್ನವ್ವ ಒಳಬಂದಳು.

‘ಅಯ್ಯ ಶಿವನ! ಸೊಸೀನ್ನ ನುಂಗಾಕತ್ತೈತಲ್ಲೋ ಮುರಗ್ಯಾ! ಕಾಲ ಹಿಡದ ಜಗ್ಗು!’

ಕಾಲು ಹಿಡಿಯುವ ಪ್ರಸಂಗ ಬರಲಿಲ್ಲ. ಗಂಟು ತಾನೇ ಸಡಿಲಾಯಿತು. ಒಂದು ಬಳೆಯೂ ಒಡೆಯಲಿಲ್ಲ ಎಂಬುದನ್ನು ಅಕ್ಕುತಾಯಿ ಎಣಿಸಿ ಖಾತ್ರಿ ಮಾಡಿಕೊಂಡಳು.

ಇನ್ನುಳಿದದ್ದು ಸ್ಪೀಕರು. ಇಲ್ಲಿ ಮುರಗೆಪ್ಪನಿಗೆ ಒಂದು ಬೆಳಕು ಹೊಳೆಯಿತು. ಸತ್ತ ರೇಡಿಯೋದ ಬೆನ್ನಿನಲ್ಲಿ ಗ್ರಾಮಫೋನು ಜೋಡಿಸಲೆಂದು ಒಂದು ತೂತಿತ್ತು. ಸ್ಟೇಷನ್ ಹಿಡಿಯುವ ಭಾಗ ಸತ್ತಿರಬಹುದು, ದನಿ ಹಿಗ್ಗಿಸುವ ಭಾಗಕ್ಕೆ ಇನ್ನೂ ಜೀವವಿದ್ದರೆ? ಬಿಲ್ಲೆಯ ಒಂದು ಎಳೆಯನ್ನು ಗಿಟಾರಿನ ಉಕ್ಕಿನ ತಂತಿಗಳ ಬುಡಕ್ಕೇ ಸುತ್ತಿ, ಅಲ್ಲಿಂದ ಇಪ್ಪತ್ತು ಮೊಳದ ತಂತಿ ಎಳೆದು, ಅದರ ತುದಿಯನ್ನು ರೇಡಿಯೋದ ತೂತಿಗೆ ಹೋಗುವ ಪಿನ್ನಿಗೆ ಬೆಸೆದ. (ಎಳೆ ಸುತ್ತಬೇಕಾದದ್ದು ಅಲ್ಲಿ ಅಲ್ಲ ಎಂದು ಅವನಿಗೆ ಹೇಳುವವರು ಯಾರೂ ಇರಲಿಲ್ಲ.) ಬೆಸುಗೆ ನೋಡಲು ಜೋಳದ ಅರಳಿನಂತಿತ್ತು. ಅವನಿಗದು ಮುತ್ತಿನಂತೆ ಕಂಡಿತು.

ಶನಿವಾರ ಸಂಜೆ ನಾಲ್ಕಕ್ಕೆ ಗಿಟಾರನ್ನು ಮೀಟಿದ. ಒಂಬತ್ತು ತಿಂಗಳು ಮೂಕವಾಗಿದ್ದ ಪೆಟ್ಟಿಗೆ ‘ಡಂಯ್’ ಎಂದಿತು. ಚನ್ನವ್ವ ಕೈಮುಗಿದಳು. ಅಕ್ಕುತಾಯಿ ರಾತ್ರಿಯ ಊಟಕ್ಕೆ ಶೇಂಗಾ ಹೋಳಿಗೆ ಮಾಡಿದಳು. (ನಾಲ್ಕು ಗಂಟೆಗೆ ಸಾಂಗಲಿ ಕೇಂದ್ರದ ಪ್ರಸಾರಕ್ಕೆ ವಿರಾಮ. ಆ ಸಂಗತಿ ಆಗ ಯಾರ ನೆನಪಿಗೂ ಬರಲಿಲ್ಲ.)

ರವಿವಾರ ಮಧ್ಯಾಹ್ನ ಒಂದಕ್ಕೆ ಭಾವುಸಾಹೇಬ ಬಂದ. ದಾರಿಯಲ್ಲಿ ಚೀಲ, ಮೈಕ್‌ಸೆಟ್ಟು ಹೊತ್ತು ಸಿಕ್ಕ ಹಾಜಿಮಲಂಗನನ್ನೂ ಕರೆತಂದ. ಹತ್ಯಾರದ ಪೆಟ್ಟಿಗೆಯನ್ನು ಅಕ್ಕುತಾಯಿ ತೀರ್ಪಿಗೆಂದು ಹೊಸ್ತಿಲ ಮೇಲೆ ಇಟ್ಟಿದ್ದಳು. ಮುರಗೆಪ್ಪ ಇಸ್ತ್ರಿ ಅಂಗಿ ತೊಟ್ಟು, ಚಾಪೆಯ ಮೇಲೆ ಕುಳಿತು, ಗಿಟಾರು ತೊಡೆಯ ಮೇಲೆ ಇಟ್ಟುಕೊಂಡು, ತಂತಿಗಳ ಮೇಲೆ ಕೈ ಇಟ್ಟ.

‘ನಮಸ್ಕಾರ ಭಗಿನಿಂನೋ,’ ಎಂದಿತು ಗಿಟಾರು.

ಮುರಗೆಪ್ಪ ಕೈ ತೆಗೆದ. ಬರೀ ಗುಂಯ್‌ಗುಟ್ಟುವ ಸದ್ದು. ಕೈ ಇಟ್ಟ. ಹಾಲುಹಲ್ಲು ಹುಳುಕಾಗದಂತೆ ಮಕ್ಕಳನ್ನು ಹೇಗೆ ನೋಡಿಕೊಳ್ಳಬೇಕೆಂದು ಒಬ್ಬ ಹೆಣ್ಣುಮಗಳು ಸ್ವಚ್ಛ ಮರಾಠಿಯಲ್ಲಿ ವಿವರಿಸತೊಡಗಿದಳು. ಮುರಗೆಪ್ಪ ಜೋರಾಗಿ ಮೀಟಿ ಅವಳನ್ನು ಮುಚ್ಚಿಹಾಕಲು ನೋಡಿದ.

‘ಏ, ಸುಮ್ನ ಹಿಡ್ಕೊಂಡ ಕುಂದರ್ರಿ!’ ಎಂದಳು ಅಕ್ಕುತಾಯಿ. ‘ನಡುವ ಡಂಯ್ ಡಂಯ್ ಮಾಡಬ್ಯಾಡ್ರಿ. ಆಕಿ ಹೇಳೂದ ಕೇಳಸವಲ್ದು.’

‘ದಾಜಿ,’ ಎಂದ ಭಾವುಸಾಹೇಬ, ಅಳುವುದೋ ನಗುವುದೋ ತಿಳಿಯದೆ. ‘ಆರ ವರ್ಷ ಬಾರಿಸೇನ್ರಿ ನಾನು. ನನ್ನ ಕೂಡ ಒಂದ ಮಾತ ಆಡಿದ್ದಿಲ್ಲ ಇದು. ನೀವು ಒಂದ ವಾರದಾಗ ಮರಾಠಿ ಕಲಿಸೀರಿ. ಸಂಜೀಕ ಅಥಣಿ ಮಂದಿಗೆ ಏನ್ ಹೇಳ್ಲಿ? ಹಲ್ಲ ತಿಕ್ಕರಿ ಅನ್ಲಿ?’

ಹಾಜಿಮಲಂಗ ಪಿನ್ನು ಎತ್ತಿ ನೋಡಿದ. ಅರಳಿನಂಥ ಬೆಸುಗೆಯನ್ನು ಉಗುರಿನಿಂದ ಅಲುಗಿಸಿದ.

‘ವೈನಿ, ಒಳಗ ಬಿಲ್ಲಿ ಕೂಡಿಸಿದಾವ್ರು ಯಾರ್ರಿ? ಏನ್ ಪಕ್ಕಾ ಕೈ ಐತ್ರಿ!’

‘ನಾನ,’ ಎಂದಳು ಅಕ್ಕುತಾಯಿ.

‘ಮತ್ತ ಈ ಬೆಸಗಿ?’

ಎಲ್ಲರೂ ಮುರಗೆಪ್ಪನನ್ನು ನೋಡಿದರು.

‘ಕಚ್ಚಾ ಬೆಸಗಿ ಸಾಹೇಬ್ರ. ಬೆಸಗಿ ಹಸಿ ಇದ್ರ ಅದ ರೇಡಿಯೋ ಕೆಲಸ ಮಾಡ್ತೈತಿ, ಸಮೀಪದ ಸ್ಟೇಶನ್ ಹಿಡೀತೈತಿ. ನೀವು ತಂತಿ ಮುಟ್ಟಿದ್ರ ನಿಮ್ಮ ಮೈನ ಏರಿಯಲ್. ಬೇಕಂತ ಮಾಡಿದ್ರೂ ಇಷ್ಟ ನಾಜೂಕ ಕೆಡಸಾಕ ನನಗ ಬರಂಗಿಲ್ರಿ.’

ಅವನು ಚೀಲದಿಂದ ಜಾಳಿಗೆಯ ವಾಯರು ತೆಗೆದು, ಅದರಲ್ಲೇ ಇದ್ದ ಬೆಸುಗೆಯ ಕಡ್ಡಿಯಿಂದ ಗಿಟಾರಿನ ಬಿಲ್ಲೆಯ ಎಳೆಗಳಿಗೆ ಹೊಸ ಬೆಸುಗೆ ಹಾಕಿದ. ಹತ್ತು ನಿಮಿಷವೂ ಹಿಡಿಯಲಿಲ್ಲ. ಮೈಕ್‌ಸೆಟ್ಟಿಗೆ ಸಿಕ್ಕಿಸಿ ನೋಡಿದಾಗ ಗಿಟಾರಿನ ದನಿ ಓಣಿಯ ಕೊನೆಯವರೆಗೆ ಹೋಯಿತು. ಭಾವುಸಾಹೇಬ ಅಕ್ಕನ ಕಾಲಿಗೆ ನಮಸ್ಕರಿಸಿ, ದಾಜಿಯ ಕಡೆ ದೂರದಿಂದಲೇ ಕೈಮುಗಿದು, ಅಥಣಿಯ ಬಸ್ಸು ಹಿಡಿದ.

ಹಿಂದೆ ಉಳಿದದ್ದು ರೇಡಿಯೋ ಮತ್ತು ಅದರ ಬೆನ್ನಿನಿಂದ ಹೊರಟ ಇಪ್ಪತ್ತು ಮೊಳದ ತಂತಿ. ಅಕ್ಕುತಾಯಿ ತಂತಿಯ ತುದಿ ಹಿಡಿದು ನೋಡಿದಳು. ದನಿ ಬಾವಿಯೊಳಗಿಂದ ಬಂದಂತೆ ಬಂತು. ಚನ್ನವ್ವ ಹಿಡಿದಳು. ಏನೂ ಇಲ್ಲ. ಹಾಜಿಮಲಂಗ ಹಿಡಿದ. ಕರಕರ. ಕೊನೆಗೆ ತಂತಿಯನ್ನು ಮುರಗೆಪ್ಪನ ಬೆರಳಿಗೆ ಕೊಟ್ಟರು. ಪಕ್ಕದ ಮನೆಯಲ್ಲಿ ಕುಳಿತು ಮಾತಾಡಿದಷ್ಟು ಸ್ಪಷ್ಟವಾಗಿ ಸಾಂಗಲಿ ಕೇಂದ್ರ ಮಾತಾಡಿತು.

ತೀರ್ಪಿನ ಹೊತ್ತು. ಒಪ್ಪಂದದಂತೆ ಪೆಟ್ಟಿಗೆ ಗುಜರಿಗೆ ಹೋಗಬೇಕು. ಮುರಗೆಪ್ಪ ತಲೆ ತಗ್ಗಿಸಿ ಕುಳಿತಿದ್ದ. ಅಕ್ಕುತಾಯಿ ಗಂಡನನ್ನು ನೋಡಿದಳು, ಅವನ ಬೆರಳನ್ನು ನೋಡಿದಳು, ತುಸು ಹೊತ್ತು ಲೆಕ್ಕ ಹಾಕಿದಳು. ಆಮೇಲೆ ಪೆಟ್ಟಿಗೆಯನ್ನು ತಾನೇ ಎತ್ತಿ ತಂದು ಅವನ ಮುಂದೆ ಇಟ್ಟಳು.

‘ತಗೋರಿ. ನಿಮ್ಮದು ನಿಮಗ.’

ಅವನ ಕಣ್ಣು ತುಂಬಿತು. ತಂತಿ ಬಿಟ್ಟು ಪೆಟ್ಟಿಗೆಯ ಮುಚ್ಚಳದ ಕಡೆ ಕೈ ಚಾಚಿದ. ರೇಡಿಯೋ ನಿಂತಿತು.

‘ಕೈ!’ ಎಂದರು ಅತ್ತೆ ಸೊಸೆ ಇಬ್ಬರೂ.

ಅಂದಿನಿಂದ ಮುರಗೆಪ್ಪ ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದನೆಂದರೆ ಎಡಗೈಯಲ್ಲಿ ತಂತಿ, ಬಲಗೈಯಲ್ಲಿ ರೊಟ್ಟಿ. ಸಂಜೆ ತಾಯಿಗೆ ಭಜನೆ ಪದ. ಅಲುಗಿದರೆ ಬೈಗುಳ. ಕಚ್ಚಾ ಬೆಸುಗೆ ಹೇಗೆ ಸ್ಟೇಷನ್ ಹಿಡಿಯುತ್ತದೆ, ಅದು ತನ್ನ ಮೈಗೇ ಯಾಕೆ ಒಲಿದಿದೆ ಎಂಬ ಕುತೂಹಲ ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಬಿಚ್ಚಿ ನೋಡಬೇಕೆಂದರೆ ಬಿಚ್ಚಬೇಕಾದ ಯಂತ್ರದಲ್ಲಿ ತಾನೇ ಒಂದು ಬಿಡಿಭಾಗ. ಮೂರನೆಯ ವಾರ ಉಪ್ಪಿನಕಾಯಿ ಮತ್ತೆ ಬಂತು. ‘ಎಂಟನೇ ದಿವಸ...’ ಎಂದಾಗ ಮುರಗೆಪ್ಪ ಕಣ್ಣು ಸಹ ಮಿಟುಕಿಸಲಿಲ್ಲ. ಎಂಟನೇ ದಿವಸ ಖಾರದಪುಡಿ, ಮೆಂತ್ಯೆಪುಡಿ ಹಾಕಬೇಕಂತೆ. ಅಷ್ಟೇ.

ಮಳೆಗಾಲದ ಮೊದಲು ಹಾಜಿಮಲಂಗ ಒಂದು ಮಧ್ಯಾಹ್ನ ಸಣ್ಣ ಪೊಟ್ಟಣ ಹಿಡಿದು ಬಂದ. ರೇಡಿಯೋದ ಸತ್ತ ಭಾಗ ಮಿರಜಿನಲ್ಲಿ ಸಿಕ್ಕಿತ್ತು. ರೇಡಿಯೋದಲ್ಲಿ ಕಾರ್ಯಕ್ರಮ ನಡೆಯುತ್ತಿತ್ತು. ಮುರಗೆಪ್ಪ ಪಡಸಾಲೆಯಲ್ಲಿ ತಂತಿ ಹಿಡಿದಿದ್ದ. ಅಡುಗೆಮನೆಯ ಬಾಗಿಲಲ್ಲಿ ನಡೆದ ಮಾತು ಅವನಿಗೆ ಪ್ರತಿ ಅಕ್ಷರವೂ ಕೇಳಿಸುತ್ತಿತ್ತು.

‘ಹತ್ತ ಮಿಂಟಿನ ಕೆಲಸ ವೈನಿ. ಕೂಡಿಸಿದ್ರ ರೇಡಿಯೋ ಮೊದಲಿನಂಗ. ಪಾಪ, ಸಾಹೇಬ್ರ ಕೈ ಬಿಡುಗಡಿ ಆಗ್ತೈತಿ.’

‘ಬ್ಯಾಡ ಹಾಜಿಭಾಯಿ,’ ಎಂದಳು ಅಕ್ಕುತಾಯಿ ದನಿ ತಗ್ಗಿಸಿ. ‘ನಿನ್ನೇನ ಹೊಸಾ ಮಿಕ್ಸರ ತಂದೇವಿ.’

ಮುರಗೆಪ್ಪ ಕತ್ತು ಹೊರಳಿಸಿದ. ಅಡುಗೆಮನೆಯ ಕಟ್ಟೆಯ ಮೇಲೆ ಬಿಳಿಯ ಮಿಕ್ಸರು ಕುಳಿತಿತ್ತು. ಬುಡದಲ್ಲಿ ನಾಲ್ಕು ಸ್ಕ್ರೂ. ಸ್ವಲ್ಪವೂ ಸದ್ದಿಲ್ಲದೆ ತಿರುಗುತ್ತದೆ ಎಂದು ಮುಂಜಾನೆಯಷ್ಟೇ ಚನ್ನವ್ವ ಹೊಗಳಿದ್ದಳು. ಯಾಕೆ ಸದ್ದಿಲ್ಲ?

‘ಕೈ!’ ಎಂದಿತು ಅಡುಗೆಮನೆ.